ಅಸೆಂಬ್ಲಿ ಪಾಯಿಂಟಿಗೆ ಬಂದ ಸಲಗ

ಅಮೆರಿಕದ ಎಂಜಿನಿಯರಿಂಗ್ ವಿಶ್ವವಿದ್ಯಾಲಯವೊಂದು ಬಾಳ್ಳುಪೇಟೆ ಹತ್ತಿರದ ಹಳೇ ಎಸ್ಟೇಟೊಂದರಲ್ಲಿ ತನ್ನ ಶಾಖೆ ತೆರೆದಾಗ, ಆಲೂರಿನಲ್ಲಿದ್ದ ಗಟ್ಟಿ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಅಲ್ಲಿ ಗಣಿತ ಪಾಠಕ್ಕೆ ಸೇರಿಕೊಂಡವಳು ನಾನು. ಮೊದಲ ವರ್ಷ ಪ್ರೊಬೇಷನ್, ಆಮೇಲೆ ಖಾಯಂ ಎಂದಿದ್ದರು. ಅಷ್ಟಕ್ಕೇ ನಾನು ಆಲೂರು ಬಸ್‌ಸ್ಟ್ಯಾಂಡಿನಿಂದ ತಾಲ್ಲೂಕು ಆಫೀಸಿನವರೆಗೂ ಸಿಕ್ಕಸಿಕ್ಕವರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಖಾಯಂ ಆಗದಿದ್ದರೆ ಊರಲ್ಲಿ ತಲೆ ಎತ್ತಿಕೊಂಡು ಓಡಾಡುವ ಹಾಗಿರಲಿಲ್ಲ.

ಅಮೆರಿಕದಲ್ಲಿ ಹೇಗೋ ಇಲ್ಲೂ ಹಾಗೇ ಇರಬೇಕು ಎನ್ನುವುದು ವಿಶ್ವವಿದ್ಯಾಲಯದವರ ಹಟ. ಹಿಮ ಬಿದ್ದರೆ ತರಗತಿಗೆ ರಜೆ ಎಂದು ನಮ್ಮ ಕೈಪಿಡಿಯಲ್ಲಿ ಅಚ್ಚಾಗಿತ್ತು. ಮಳೆಗೆ ಮರ ಉರುಳಿ ರಸ್ತೆ ಬಂದಾದರೆ ಏನು ಗತಿ ಎಂದು ಮಾತ್ರ ಇರಲಿಲ್ಲ. ಕಣ್ಣು ಹಾಯಿಸಿದಷ್ಟೂ ಕಾಫಿ ಗಿಡ, ನಾವು ಕುಡಿಯುತ್ತಿದ್ದುದು ಮಿಷನ್ ಉಗುಳುತ್ತಿದ್ದ ಬಿಸಿ ಕಲಗಚ್ಚು! ಕಟ್ಟಡದೊಳಗೆ ಇಂಗ್ಲಿಷ್ ಬಿಟ್ಟು ಇನ್ನೊಂದು ಮಾತು ಆಡುವಂತಿರಲಿಲ್ಲ. ನಮ್ಮ ಡೈರೆಕ್ಟರು ಆಲೂರು ಸೀಮೆಯವರೇ. ಅವರ ತಾಯಿ ಫೋನ್ ಮಾಡಿದರೆ, ಹೋಗಿ ಕಾರಿನ ಗಾಜು ಏರಿಸಿಕೊಂಡು ಕೂತು ಮಾತಾಡಿ ಬರುತ್ತಿದ್ದರು.

ಇದೆಲ್ಲ ಹೇಗೋ ನಡೆಯಿತು. ನಡೆಯದೆ ಇದ್ದದ್ದು ಫೈರ್ ಡ್ರಿಲ್. ಸೈರನ್ ಕೂಗಿದ ಕೂಡಲೇ ಎಲ್ಲರೂ ಕಟ್ಟಡ ಖಾಲಿ ಮಾಡಿ, ಎದುರಿನ ಹುಲ್ಲುಹಾಸಿನಲ್ಲಿ ‘ಅಸೆಂಬ್ಲಿ ಪಾಯಿಂಟ್’ ಎಂಬ ಹಸಿರು ಬೋರ್ಡಿನ ಕೆಳಗೆ ಸಾಲಾಗಿ ನಿಲ್ಲಬೇಕು. ಆ ಹುಲ್ಲುಹಾಸು ಮೊದಲು ಭತ್ತದ ಗದ್ದೆ. ಅಂಚಿಗೆ ಹಲಸಿನ ಮರ, ಕೆಳಗೆ ಕೆರೆ. ಆನೆಗಳು ಕೆರೆಗೆ ಇಳಿಯುವುದೇ ಆ ದಾರಿಯಲ್ಲಿ. ಆನೆ ಬಂತೆಂದರೆ ನಮ್ಮ ಕಡೆಯವರು ಒಳಗೆ ಸೇರಿ ಅಗುಳಿ ಹಾಕಿಕೊಳ್ಳುತ್ತಾರೆ, ಹೊರಗೆ ಹೋಗಿ ಸಾಲು ನಿಲ್ಲುವುದಿಲ್ಲ. ಹೇಳಿದೆ. “ಜಾಗ ಗುರುತು ಮಾಡಿದ್ದು ಮುಖ್ಯ ಕ್ಯಾಂಪಸ್ಸಿನವರು” ಎಂದು ಡೈರೆಕ್ಟರು ಇಂಗ್ಲಿಷಿನಲ್ಲಿ ಮುಗುಳ್ನಕ್ಕರು. ಉಪಗ್ರಹದ ಚಿತ್ರ ನೋಡಿ ಗುರುತು ಮಾಡಿದ್ದಂತೆ. ಎಂಥ ಬುದ್ಧಿವಂತರಪ್ಪಾ!

ವರ್ಷದ ಕೊನೆಗೆ ಅಮೆರಿಕದಿಂದ ತಪಾಸಣೆಗೆ ಇಬ್ಬರು ಬಂದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಶಾಖೆಯ ಹಣೆಬರಹವೂ ನನ್ನ ಖಾಯಮಾತಿಯೂ ಅವರ ಕೈಯಲ್ಲಿತ್ತು. ಕೊನೆಯ ಬಾಬತ್ತು ಫೈರ್ ಡ್ರಿಲ್. ಮುಂಬಾಗಿಲು ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಡ್ರಿಲ್‌ಗೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ನಮ್ಮ ಕಾಲೇಜು ಬಸ್ಸಿನ ಡ್ರೈವರ್ ಭಾಯಿಯ ಫೋನ್.

“ಮೇಡಂ, ಒಂಟಿ ಸಲಗ ರಸ್ತೆ ದಾಟಿ ನಿಮ್ ಕಡೆಗೇ ಬಂದೈತೆ. ನಾನು ಬಸ್ ವಾಪಸ್ ತಿರುಗಿಸ್ಬುಟ್ಟೆ. ಮಕ್ಳುನ್ನ ಆಚೆ ಬಿಡ್ಬೇಡ್ರೀ!”

ಡೈರೆಕ್ಟರ ಹತ್ತಿರ ಓಡಿದೆ. ಅತಿಥಿಗಳು ಮಂಗಳೂರಿಗೆ ಹೋಗಿ ವಿಮಾನ ಹತ್ತಬೇಕು, ಮುಂದೂಡಲು ಆಗುವುದೇ ಇಲ್ಲ ಎಂದರು. ಅವರ ಮಾತು ಮುಗಿಯುವಷ್ಟರಲ್ಲಿ ಸೈರನ್ ಹೊಡೆದುಕೊಂಡಿತು.

ಮಕ್ಕಳು ಮೆಟ್ಟಿಲಿಳಿದು ದಡದಡನೆ ಬಂದರು. ಹಾಳಾಗಿ ಹೋಗಲಿ ಎಂದು ಬಾಗಿಲು ಎಳೆದು, ಚಿಲಕ ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತೆ. ಸ್ಟಾಪ್‌ವಾಚ್ ಹಿಡಿದ ಅಮೆರಿಕದವನು ಹುಬ್ಬೇರಿಸಿದ.

“ಓಪನ್ ದ ಡೋರ್!” ಡೈರೆಕ್ಟರು ಗುಡುಗಿದರು.

“ತೆಗೆಯಲ್ಲ ಸರ್.”

ನನ್ನನ್ನು ಪಕ್ಕಕ್ಕೆ ತಳ್ಳಲು ಬಂದವರು, ಕಿಟಕಿಯ ಗಾಜಿನಾಚೆ ನೋಡಿ ಹಾಗೇ ನಿಂತರು. ಕಾಫಿ ಗಿಡಗಳನ್ನು ಸರಿಸಿಕೊಂಡು ಸಲಗ ಹುಲ್ಲುಹಾಸಿಗೆ ಇಳಿಯುತ್ತಿತ್ತು. ಸೀದಾ ಬಂದು ಹಸಿರು ಬೋರ್ಡಿಗೆ ಮೈ ಒರಗಿಸಿ ತುರಿಸಿಕೊಂಡಿತು. ಆ ದಿನ ನಿಯಮ ಪಾಲಿಸಿದ್ದು ಅದೊಂದೇ.

“ಅಯ್ಯಯ್ಯಪ್ಪೋ! ಬಾಗ್ಲು ತೆಗೀಬ್ಯಾಡ್ರೀ! ಭದ್ರವಾಗಿ ಹಿಡ್ಕೊಳ್ರೀ, ನಿಮ್ ದಮ್ಮಯ್ಯ!”

ಯಾರಿದು ಎಂದು ತಿರುಗಿದರೆ ನಮ್ಮ ಡೈರೆಕ್ಟರು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ನನಗಂತೂ ಆ ಹೆದರಿಕೆಯಲ್ಲೂ ನಗು ಬಂತು, ಮನಸ್ಸೂ ಹಗುರಾಯಿತು. ಸಲಗ ಕೆರೆಗೆ ಇಳಿದು ಹೋಯಿತು. ಅತಿಥಿಗಳು ಮೊಬೈಲಿನಲ್ಲಿ ಬೇಕಾದಷ್ಟು ಫೋಟೊ ಹಿಡಿದುಕೊಂಡು ಖುಷಿಯಾಗಿ ಕಾರು ಹತ್ತಿದರು. ಅಷ್ಟೂ ಮಕ್ಕಳು ಕ್ಷೇಮ. ಇನ್ನು ನನ್ನ ಕೆಲಸಕ್ಕೇನು ಭಯ ಎಂದು ಆ ಸಂಜೆ ಮನೆಯಲ್ಲಿ ಕೇಸರಿಬಾತ್ ಮಾಡಿದೆ.

ಮುಂದಿನ ತಿಂಗಳು ಡೈರೆಕ್ಟರು ಕರೆಸಿದರು. ತಪಾಸಣೆಯವರ ವರದಿ ಬಂದು, ಶಾಖೆಗೆ ಮಂಜೂರಾತಿ ಸಿಕ್ಕಿತ್ತು. ಕ್ಯಾಂಪಸ್ಸಿನ ವನ್ಯಜೀವಿ ಸಂಪತ್ತಿಗೆ ವಿಶೇಷ ಮೆಚ್ಚುಗೆ ಬೇರೆ. ಒಂದೇ ಕೊರತೆ: ಡೈರೆಕ್ಟರು ಆಜ್ಞೆ ಮಾಡಿದರೂ ಸಿಬ್ಬಂದಿಯೊಬ್ಬರು ಬಾಗಿಲು ತೆರೆಯಲಿಲ್ಲ. ಅವರನ್ನು ಮುಂದುವರಿಸಬಾರದು.

ನನಗೆ ಮೈಯೆಲ್ಲ ಉರಿದುಹೋಯಿತು. “ತೆಗೀಬೇಡಿ ಅಂತ ದಮ್ಮಯ್ಯ ಹಾಕಿದ್ದು ನೀವೇ ಅಲ್ವಾ ಸರ್? ಅದನ್ನ ಅವರಿಗೆ ಹೇಳಿದ್ರಾ?”

ಅವರು ಎದ್ದುಹೋಗಿ ಕೋಣೆಯ ಬಾಗಿಲು ಮುಚ್ಚಿ ಬಂದರು. ಆಮೇಲೆ, ಆ ಸಲಗ ಬಂದ ದಿನ ಬಿಟ್ಟರೆ ಮೊದಲ ಸಲ, ನನ್ನ ಜೊತೆ ಕನ್ನಡದಲ್ಲಿ, ಮೆಲ್ಲಗೆ ಮಾತಾಡಿದರು.

“ತೆಗೀರಿ ಅಂದಿದ್ದು ಇಂಗ್ಲಿಷ್‌ನಲ್ಲಿ ಕಣಮ್ಮ, ಅವ್ರು ಬರ್ಕೊಂಡ್ರು. ತೆಗೀಬ್ಯಾಡ್ರಿ ಅಂದಿದ್ದು ಕನ್ನಡದಲ್ಲಿ. ಈಗ ನಾನು ಬಾಯ್ಬಿಟ್ರೆ ನನ್ ಕೆಲ್ಸನೂ ಹೋಯ್ತದೆ.”