ಪರಾತಿನೊಳಗಿನ ಕೆರೆ

ಆ ಶನಿವಾರ ಗದಗಿನ ನಮ್ಮ ಕಾಲೇಜಿನ ಕೋಣೆಯಲ್ಲಿ ಇದ್ದವರು ಇಷ್ಟು: ವ್ಯವಹಾರ ಆಡಳಿತ ಓದುವ ಹುಡುಗ ಹುಡುಗಿಯರು, ಅವರಿಗೆ ಪಾಠ ಹೇಳುವ ನಾನು, ಹಿಂದಿನ ಬೆಂಚಿನಲ್ಲಿ ಬೆಟಗೇರಿಯ ಯಜಮಾನರೊಬ್ಬರು. ಅವರದು ನೇಕಾರರ ಮನೆತನ. ಈಗ ಮಗ್ಗಕ್ಕಿಂತ ನೂಲಿಗೆ ಬಣ್ಣ ಹಾಕುವ ಕೆಲಸವೇ ಹೆಚ್ಚು. ಮಗಳು ನನ್ನ ವಿದ್ಯಾರ್ಥಿನಿ. ಬಣ್ಣದ ಮನೆಯನ್ನು ತಾನೇ ನಡೆಸಬೇಕು, ಅದೂ ಕಡಿಮೆ ನೀರಿನಲ್ಲಿ, ಎಂಬುದು ಅವಳ ಆಸೆ. ಆದರೆ ಓಣಿಯ ಬಣ್ಣದ ಮನೆಗಳಿಗೆಲ್ಲ ಇರುವುದು ಒಂದೇ ಕೊಳವೆಬಾವಿ, ಪಾಳಿಗೆ ದಿನಾ ತಕರಾರು. "ಬಾಯಿಲ್ಲದ ಹುಡುಗಿರಿ ಇದು, ಓಣಿ ಮಂದಿ ಹರಕೊಂಡು ತಿಂತಾರ" ಎಂದು ಅಪ್ಪ ಬಣ್ಣದ ಮನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡಲು ಮಾತಾಡಿಟ್ಟಿದ್ದರು. ಕೊಡುವ ಮೊದಲು ಒಂದು ದಿನ ಬಂದು ಕೂತು ನೋಡ್ರಿ ಎಂದು ನಾನೇ ಕರೆದಿದ್ದೆ.

ಪಾಠವೆಂದರೆ ಆಟ. ನೆಲ ಜಲ ಉಳಿಸಿಕೊಂಡು ವ್ಯಾಪಾರ ಮಾಡುವುದನ್ನು ಹಲಗೆಯ ಮೇಲೆ ಬರೆದು ಹೇಳಿದರೆ ಹುಡುಗರು ಆಕಳಿಸುತ್ತಾರೆ; ಖರೆ ಹೇಳಬೇಕೆಂದರೆ ನಾನೂ ಆಕಳಿಸುತ್ತೇನೆ. ಅದಕ್ಕೇ ಮೇಜಿನ ಮೇಲೊಂದು ಪರಾತು, ಹಿಟ್ಟು ನಾದುವ ಅಗಲ ತಟ್ಟೆ, ಅದರ ತುಂಬ ಜೋಳ. ಪರಾತು ಕೆರೆ, ಜೋಳ ನೀರು. ಬೆಟಗೇರಿಯ ಬಣ್ಣದ ಮನೆ, ಲಕ್ಷ್ಮೇಶ್ವರದ ಗಿರಣಿ, ಶಿರಹಟ್ಟಿಯ ಡೈರಿ, ಮುಂಡರಗಿಯ ತೋಟ, ನಾಲ್ಕಕ್ಕೂ ಅದೇ ಕೆರೆ. ಒಂದೊಂದಕ್ಕೆ ಒಬ್ಬರು; ಬಣ್ಣದ ಮನೆ ಯಜಮಾನರ ಮಗಳ ಪಾಲಿಗೆ. ಒಂದು ಸುತ್ತೆಂದರೆ ಒಂದು ವರ್ಷ. ಬೊಗಸೆ ತುಂಬಿದಷ್ಟು ಲಾಭ. ಉಳಿಸಿದ್ದಕ್ಕೆ ತಕ್ಕಂತೆ ನಾನು ಮತ್ತೆ ಜೋಳದ ಮಳೆ ಸುರಿಸುತ್ತೇನೆ. ಕೆರೆ ಬತ್ತಿದರೆ ಎಲ್ಲರ ಅಂಗಡಿಯೂ ಬಂದ್.

ಮೊದಲ ಸುತ್ತುಗಳು ಗಲಾಟೆಯಲ್ಲೇ ನೆಟ್ಟಗೆ ನಡೆದವು. ಆಮೇಲೆ ಮುಂಡರಗಿ ಪಾಲಿನ ಹುಡುಗ, ದನದ ವ್ಯಾಪಾರದ ಮನೆತನದವನು, ಕೈಮೇಲೆ ಟವೆಲ್ ಹೊದಿಸಿ ಲಕ್ಷ್ಮೇಶ್ವರದವನ ಕಡೆಗೆ ಚಾಚಿದ. ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮುಗಿಸುತ್ತಾರೆ. ಇವರು ನೀರಿನ ಪಾಲನ್ನೂ ಹಾಗೇ ಮಾರತೊಡಗಿದರು. ಒಂದೇ ಪಾಲು ಇಬ್ಬರಿಗೆ ಮಾರಾಟವಾಯಿತು, ಇಬ್ಬರೂ ನಮ್ಮದೇ ಎಂದು ಬಾಚಿದರು, ಪರಾತಿನ ತಳ ಅಲ್ಲಲ್ಲಿ ಹೊಳೆಯಿತು. ಹಿಂದಿನ ಬೆಂಚಿನ ಯಜಮಾನರಿಗೆ ಖುಷಿಯೋ ಖುಷಿ. ವ್ಯಾಪಾರ ಅಂದ್ರ ಇದು ನೋಡ್ರಿ ಎಂಬಂತೆ ನನ್ನತ್ತ ತಲೆದೂಗಿದರು. ಇವರನ್ನು ಯಾಕಾದರೂ ಕರೆದೆನೋ ಎನಿಸಿತು ನನಗೆ.

ಟವೆಲ್ ಯಜಮಾನರ ಮಗಳ ಮುಂದೆ ಬಂತು. ಅವಳೂ ಕೈ ಹಾಕಿದಳು. ಬೆರಳು ಹಿಡಿಯದೆ ಹೊರಗೆ ತೆಗೆದಳು.

"ಟವೆಲ್ ತಗೀರಿ," ಎಂದಳು. "ಎಷ್ಟು ಬೇಕಂತ ಬಾಯಿಲೆ ಹೇಳ್ರಿ."

"ಏನಬೇ ಅಕ್ಕಾ, ಬಯಲಾಗ ದರ ಹೇಳಿದ್ರ ಎತ್ತು ಮಾರೂದು ಹೆಂಗ?" ಎಂದು ಮುಂಡರಗಿಯವನು ನಗಿಸಿದ.

"ಎತ್ತು ಒಬ್ಬರದಿರತೈತಿ. ಈ ನೀರು ನಾಕೂ ಮಂದಿದು. ಮೊದಲು ನಂದ ಹೇಳ್ತೀನಿ. ಈ ವರ್ಷ ನನಗ ಅರ್ಧಾ ಬೊಗಸಿ ಸಾಕು. ಈಗ ನೀ ಹೇಳು."

ದನಿ ಏರಿರಲಿಲ್ಲ. ಆದರೆ ಅವನು ಹೇಳುವ ತನಕ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವನು ತಲೆ ಕೆರೆದುಕೊಂಡು, ಟವೆಲ್ ಹೆಗಲಿಗೆ ಹಾಕಿಕೊಂಡು, ನನಗೂ ಅಷ್ಟ ಇರಲಿ ಬಿಡು ಎಂದ. ಉಳಿದಿಬ್ಬರು ಸ್ವಲ್ಪ ಗೊಣಗಿ ಒಪ್ಪಿದರು. ಆಟ ಮುಗಿದಾಗ ಯಾರೂ ದೊಡ್ಡ ಸಾವ್ಕಾರರಾಗಿರಲಿಲ್ಲ. ಯಾರ ಅಂಗಡಿಯೂ ಮುಚ್ಚಿರಲಿಲ್ಲ.

ಯಜಮಾನರು ನಗುವುದನ್ನು ಯಾವಾಗಲೋ ನಿಲ್ಲಿಸಿದ್ದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಮನ್ಯಾಗ ಇಷ್ಟು ಮಾತಾಡೂದಿಲ್ರಿ ಇದು," ಎಂದರು.

ಮನೆಯಲ್ಲಿ ಅವಳನ್ನು ಯಾರೂ ಕೇಳಲಿಲ್ಲವೇನೋ, ಎಂದು ಹೇಳಹೋದವನು ಅದನ್ನು ಬಿಟ್ಟು ಚಹಾ ಕುಡಿದು ಹೋಗ್ರಿ ಎಂದೆ. ಕುಡಿದೇ ಹೋದರು.

ಮುಂದಿನ ವಾರ ಬಾಡಿಗೆಯ ಗಿರಾಕಿ ಬಂದಾಗ ಯಜಮಾನರು ಅವನಿಗೆ ಅವಲಕ್ಕಿ ತಿನ್ನಿಸಿ, ಬಣ್ಣದ ಮನಿ ಕೊಡೂದಿಲ್ಲ ಎಂದು ಹೇಳಿ ಕಳಿಸಿದರಂತೆ. ಮರುದಿನ ಮುಂಜಾನೆ ಮಗಳು ಓಣಿಯ ಬಣ್ಣಗಾರರನ್ನೆಲ್ಲ ನೀರಿನ ಪಾಳಿ ಮಾತಾಡಲು ಕೊಳವೆಬಾವಿಯ ಕಟ್ಟೆಗೆ ಕರೆದಳು. ಬಂದು ಕೂತವರಲ್ಲಿ ಅವಳಪ್ಪನೂ ಒಬ್ಬರು.