ಮೇಣದ ಗೆರೆ

ಬೀದಿಯವರಿಗೆಲ್ಲ ಅವಳು ಇಸ್ತ್ರಿ ಅಕ್ಕ. ಮೂವತ್ತು ವರ್ಷ ಒಂದೇ ಮೇಜಿನ ಮುಂದೆ ನಿಂತು, ಊರವರ ಅಂಗಿಗಳ ಸುಕ್ಕು ಬಿಡಿಸಿ, ತನ್ನ ಕಾಲು ಊದಿಸಿಕೊಂಡವಳು. ಒಡಹುಟ್ಟಿದವನು ಒಬ್ಬನೇ ತಮ್ಮ. ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ನೀರುಬಣ್ಣದ ಚಿತ್ರ ಬರೆಯುತ್ತಿದ್ದ. ಚಿತ್ರವೆಂದರೆ ಮರವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ; ಬಣ್ಣದೊಳಕ್ಕೆ ಬಣ್ಣ ಇಳಿದು ಹರಡಿಕೊಂಡಿರುವುದಷ್ಟೇ.

‘ಇದರಲ್ಲಿ ಮನೆ ಎಲ್ಲೋ?’ ಎಂದು ಅವಳು ಕಾಡಿಸಿದರೆ, ‘ಮನೆ ನೋಡೋಕೆ ಕಿಟಕಿ ಇದೆಯಲ್ಲಕ್ಕಾ,’ ಅನ್ನುತ್ತಿದ್ದ.

ಅರ್ಥವಾಗದಿದ್ದರೂ ಅವನ ಚಿತ್ರಕ್ಕೆ ಅವಳ ಕೈಯೂ ತಾಗುತ್ತಿತ್ತು. ನೀರು ಕುಡಿದ ಕಾಗದ ಒಣಗುವಾಗ ಉಬ್ಬುತಗ್ಗಾಗುತ್ತದೆ. ಅವಳು ಅದನ್ನು ಬೋರಲು ಹಾಕಿ, ಬೆನ್ನಿಗೆ ತುಸು ನೀರು ಚಿಮುಕಿಸಿ, ಹಳೇ ಬಟ್ಟೆ ಹೊದಿಸಿ ಹದವಾದ ಬಿಸಿಯಲ್ಲಿ ಇಸ್ತ್ರಿ ಎಳೆದರೆ ಹಾಳೆ ತೆಪ್ಪಗೆ ಮಲಗುತ್ತಿತ್ತು.

ತಮ್ಮನ ಎದೆಯ ಕಾಯಿಲೆ ಕೈಮೀರಿದಾಗ ವೈದ್ಯರು ಮನೆಯಲ್ಲೇ ಇರಲಿ ಎಂದುಬಿಟ್ಟರು. ಹಾಸಿಗೆಯಲ್ಲೇ ಒರಗಿ ಅವನು ಕೊನೆಯದೊಂದು ಚಿತ್ರ ಹಿಡಿದ. ಐದು ನಿಮಿಷ ಬರೆದರೆ ಅರ್ಧ ದಿನ ಸುಸ್ತು. ಇದೊಂದು ಮುಗಿಸಿಬಿಟ್ಟರೆ ಸಾಕು ಎನ್ನುತ್ತಿದ್ದ. ಹದಿನೈದನೆಯ ದಿನ, ಇನ್ನು ಮೇಲಿನ ನೀಲಿಯೊಂದೇ ಬಾಕಿ, ನಾಳೆ ಹಾಕುತ್ತೇನೆ ಎಂದು ನಿದ್ದೆಹೋದ.

ಹಾಳೆ ಉಬ್ಬಿದ್ದನ್ನು ನೋಡಿ ಅಕ್ಕನಿಗೆ ಮನಸ್ಸು ತಡೆಯಲಿಲ್ಲ. ನಾಳೆ ಅವನಿಗೆ ಕಷ್ಟವಾಗದಿರಲೆಂದು ಇಸ್ತ್ರಿ ಹಾಕಿಟ್ಟಳು. ಆದರೆ ಅವನು ಈ ಸಲ, ಬಣ್ಣ ತಾಗದೆ ಬೆಳ್ಳಗೆ ಉಳಿಯಬೇಕಾದ ಕಡೆಯೆಲ್ಲ ಮೇಣದಬತ್ತಿಯಿಂದ ಗೆರೆ ಎಳೆದಿದ್ದ. ಬಿಳಿ ಕಾಗದಕ್ಕೆ ಬಿಳಿ ಮೇಣ, ಅವಳಿಗೆ ಕಾಣಲಿಲ್ಲ. ಬಿಸಿಗೆ ಅದು ಕರಗಿ ಹಾಳೆಯಲ್ಲೆಲ್ಲ ಹಬ್ಬಿತು. ಅಲ್ಲಲ್ಲಿ ಮೂಡಿದ ಮಬ್ಬು ಕಲೆ ಕಂಡು, ತೇವ ಆರಿಲ್ಲವೇನೋ ಅಂದುಕೊಂಡಳು.

ಬೆಳಿಗ್ಗೆ ಅವನು ಕುಂಚ ಇಟ್ಟಲ್ಲೆಲ್ಲ ನೀಲಿ ನಿಲ್ಲದೆ ಹನಿಹನಿಯಾಗಿ ಉರುಳಿಹೋಯಿತು. ಮತ್ತೆ ಅದ್ದಿದ, ಮತ್ತೆ ಉರುಳಿತು. ಕಾಗದವೇ ಕೆಟ್ಟದ್ದಿರಬೇಕು ಅಂದ. ಅಕ್ಕ ಹೌದು ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು.

‘ನಾನೇ ಕಣೋ, ನಿನ್ನೆ ಇಸ್ತ್ರಿ ಹಾಕ್ದೆ,’ ಅಂದಳು.

ಅವನು ಹಾಳೆಯನ್ನು ಬೆರಳಿಂದ ಸವರಿ ನೋಡಿದ. ‘ಮೇಣ ಹಚ್ಚಿದೀನಿ ಅಂತ ನಾನು ಹೇಳ್ಬೇಕಿತ್ತಕ್ಕಾ,’ ಅಂದು ಕುಂಚವನ್ನು ಅವಳ ಕೈಗೆ ಕೊಟ್ಟ. ಹೊಸ ಹಾಳೆ ತರಲೇ ಎಂದರೆ ಬೇಡವೆಂದು ತಲೆಯಾಡಿಸಿದ. ಅಲ್ಲಿಂದ ಆರನೆಯ ದಿನ ಹೋಗಿಬಿಟ್ಟ.

ತಿಂಗಳು ಕಳೆದ ಮೇಲೆ, ತಮ್ಮನ ಚಿತ್ರಗಳನ್ನು ಪ್ರದರ್ಶನಕ್ಕೆ ಒಯ್ಯಲು ಗ್ಯಾಲರಿಯಿಂದ ಬಂದಾತ ಒಂದೊಂದನ್ನೇ ನೋಡುತ್ತ ಈ ಹಾಳೆಯ ಮುಂದೆ ನಿಂತುಬಿಟ್ಟ. ಇಂಥ ನೆರಳನ್ನು ಹೇಗೆ ತಂದರೋ, ಎಲ್ಲಕ್ಕಿಂತ ಇದೇ ಆಳವಾಗಿದೆ, ಬಾಗಿಲೆದುರಿಗೇ ತೂಗುಹಾಕುತ್ತೇನೆ ಎಂದು ಕೊಂಡಾಡಿದ.

‘ಅದು ನೆರಳಲ್ಲ ಸಾರ್, ನನ್ನ ಕೈತಪ್ಪು. ಅವನಿಗೆ ಬೇಕಾಗಿದ್ದದ್ದು ಹೀಗಲ್ಲ. ಅದನ್ನ ಕೊಡಲ್ಲ.’

ಆತ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಉಳಿದವನ್ನು ಕಟ್ಟಿ ಸಾಗಿಸಿದ ಮೇಲೆ ಆ ಹಾಳೆಯೆದುರು ಒಬ್ಬಳೇ ಕೂತಳು. ಮುಗಿದಿದ್ದರೆ ಅದು ಹೇಗಿರುತ್ತಿತ್ತು ಎಂದು ತಮ್ಮನನ್ನು ಕೇಳಿಯೇ ಇರಲಿಲ್ಲವೆಂಬುದು ಆಗ ಹೊಳೆಯಿತು.