ಏಣಿ ಹಿಡಿಯುವ ತಮ್ಮ

ನಮ್ಮ ಪಕ್ಕದ ಮನೆಯ ವಿನುತಾಗೆ ಈಗ ಹತ್ತೊಂಬತ್ತು. ಎಡಗಾಲು ಎಳೆದು ನಡೆಯುತ್ತಾಳೆ. ಮಾದಾಪುರದಲ್ಲಿ ಯಾರನ್ನು ಕೇಳಿದರೂ, ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಜಾರಿದಳು ಅನ್ನುತ್ತಾರೆ. ಅದು ಸುಳ್ಳು. ಆ ಸುಳ್ಳಿನಲ್ಲಿ ನನಗೂ ಪಾಲಿದೆ.

ಒಂಟಿ ಬಿದಿರಿನ ಏಣಿ ಅದು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಆನಿಸಿ ಒಬ್ಬರು ಹತ್ತಿದರೆ ಇನ್ನೊಬ್ಬರು ಬುಡವನ್ನು ಗಟ್ಟಿಯಾಗಿ ಹಿಡಿಯಬೇಕು. ಮೇಲಿರುವವರ ಕೈ ಬಳ್ಳಿಯಲ್ಲಿ, ಜೀವ ಕೆಳಗಿನವರ ಕೈಯಲ್ಲಿ. ಅದಕ್ಕೇ ಅವಳ ತಾಯಿ ಸುಲೋಚನಮ್ಮ, ಗಂಡ ತೀರಿಕೊಂಡ ಮೇಲೂ, ಹೊರಗಿನವರಿಗೆ ಏಣಿ ಹಿಡಿಯಲು ಬಿಡುತ್ತಿರಲಿಲ್ಲ. ವಿನುತಾ ಹತ್ತುತ್ತಿದ್ದಳು. ಅವಳಿಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಮಂಜೇಶ್ ಹಿಡಿಯುತ್ತಿದ್ದ.

ಮೂರು ವರ್ಷದ ಹಿಂದೆ ಅವನು ನಾಯಿಮರಿಯನ್ನು ಬಾವಿಗೆ ಎಸೆದದ್ದನ್ನು ವಿನುತಾ ನೋಡಿದಳು. ಅಮ್ಮನಿಗೆ ಹೇಳುತ್ತೇನೆ ಅಂದಳು. ಮರುದಿನ ಅವಳು ಇಪ್ಪತ್ತಡಿ ಮೇಲಿದ್ದಾಗ ಅವನು ಏಣಿಯನ್ನು ಪಕ್ಕಕ್ಕೆ ಎಳೆದ. ಆಮೇಲೆ ಬಿದ್ದವಳ ಪಕ್ಕ ಕೂತು, ಚೆಲ್ಲಿದ ಮೆಣಸನ್ನು ಆರಿಸಿ ಚೀಲಕ್ಕೆ ತುಂಬಿದ.

ಆಸ್ಪತ್ರೆಯಲ್ಲಿ ಅವಳು ಇದನ್ನು ತಾಯಿಗೂ ನನಗೂ ಹೇಳಿದಳು. ಇರುವವನು ಒಬ್ಬ ಗಂಡು, ಪೊಲೀಸರು ಎಳೆದುಕೊಂಡು ಹೋದರೆ ಏನು ಗತಿ, ಜಾರಿದೆ ಅಂದುಬಿಡು ಎಂದು ಸುಲೋಚನಮ್ಮ ಅತ್ತಳು. ಹುಡುಗಿ ನನ್ನ ಮುಖ ನೋಡಿದಳು. ನಾನು ಹೂಂ ಎಂದು ತಲೆಯಾಡಿಸಿದೆ. ನನ್ನ ಬುದ್ಧಿಗೆ ಬೆಂಕಿ ಬೀಳ.

ಎರಡು ವರ್ಷ ಕೊಯ್ಲನ್ನು ಗುತ್ತಿಗೆಗೆ ಕೊಟ್ಟರು. ಈ ಸಲ ಆಳು ಸಿಗಲಿಲ್ಲ. ಹದಿಮೂರರ ಕೊನೆಯ ಮಗಳು ರಂಜಿತಾ ತಾನು ಹತ್ತುತ್ತೇನೆಂದು ಕುಣಿದಳು. ಹಿಂದಿನ ದಿನವಷ್ಟೇ ಅಣ್ಣ ಸಿಗರೇಟು ಸೇದುವುದನ್ನು ಅವಳು ಅಮ್ಮನಿಗೆ ಹೇಳಿದ್ದಳು. ಬೆಳಿಗ್ಗೆ ಮಂಜೇಶ್ ಯಾರೂ ಕರೆಯದೆ ಏಣಿ ಹಿಡಿಯಲು ಬಂದ.

ವಿನುತಾ ನನ್ನನ್ನು ತೋಟಕ್ಕೆ ಎಳೆದುಕೊಂಡು ಹೋಗುವಷ್ಟರಲ್ಲಿ ರಂಜಿತಾ ಮೇಲಿದ್ದಳು, ಮಂಜೇಶ್ ಬುಡ ಹಿಡಿದಿದ್ದ, ಸುಲೋಚನಮ್ಮ ಪಕ್ಕದಲ್ಲಿ ಉದುರಿದ ಮೆಣಸು ಆರಿಸುತ್ತಿದ್ದಳು. ವಿನುತಾ ಇಳಿ ಎಂದರೆ, ಅಕ್ಕನಿಗೆ ಹೊಟ್ಟೆಕಿಚ್ಚು ಎಂದು ನಕ್ಕಳು. ನಾನು ಬಾಯಿಬಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಸುಲೋಚನಮ್ಮ ಆ ಸುಳ್ಳನ್ನು ಊರಿಗೆಲ್ಲ ಹೇಳಿ ಹೇಳಿ ತಾನೇ ನಂಬಿಬಿಟ್ಟಿದ್ದಳು. ನನ್ನತ್ತ ತಿರುಗಲೂ ಇಲ್ಲ.

“ಜಾರ್ದೆ ಅಂತ ಎಲ್ರ ಮುಂದೆ ನೀನೇ ಹೇಳಿದ್ಯಲ್ಲೇ,” ಎಂದಳು ಮಗಳಿಗೆ. “ಈಗ್ಯಾಕೆ ತಮ್ಮನ್ ಮೇಲೆ ಹಾಕ್ತೀಯ?”

ವಿನುತಾ ಕಾಲೆಳೆಯುತ್ತ ಹೋಗಿ ಏಣಿಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದಳು. ಮಂಜೇಶ್ ಸರಿದು ಜಾಗ ಕೊಟ್ಟ.

“ಹಿಡ್ಕೋ ಅಕ್ಕ,” ಎಂದ ಮೆಲ್ಲಗೆ. “ಎಷ್ಟೊತ್ತು ನಿಂತ್ಕತೀಯ ನೋಡನ.”

ತೋಟದಲ್ಲಿ ಇನ್ನೂ ಇನ್ನೂರು ಮರ ಬಾಕಿ ಇದ್ದವು. ಅವಳ ಎಡಗಾಲು ಆಗಲೇ ನಡುಗುತ್ತಿತ್ತು.